ಬಾರ್ಲಿಯ ಎಳೆ ಎಲೆ

ಬಾರ್ಲಿ ಕುದಿಯುವಾಗ ಮೊದಲು ಬರುವ ನೊರೆ ಬೂದು ಬಣ್ಣದ್ದು. ಅದನ್ನು ತೆಗೆದ ಮೇಲೆ ಬರುವುದು ಬಿಳಿ. ಕಡಿಯಾಳಿಯ ನನ್ನ ಬಾಡಿಗೆ ಮನೆಯ ಕೆಳಗೆ ನಿನ್ನೆ ಯಾರೋ ಅದನ್ನು ಕುದಿಸುತ್ತಿದ್ದರು. ಗಂಜಿಯಂಥ ಆ ವಾಸನೆ ಮೆಟ್ಟಿಲೇರಿ ಬಂದಾಗ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟೆ.

ಮೂರು ವರ್ಷಗಳ ಹಿಂದೆ ಮಣಿಪಾಲದಲ್ಲಿ ಔಷಧಶಾಸ್ತ್ರ ಓದುವಾಗ ನಾನು ಗ್ರಾಮಿನ್ ಎಂಬ ವಸ್ತುವಿನ ಬೆನ್ನು ಹತ್ತಿದ್ದೆ. ಇಂಡೋಲ್ ಆಲ್ಕಲಾಯ್ಡ್ ಎಂಬ ಗುಂಪಿನ ಸರಳವಾದ ಸಸ್ಯ ರಾಸಾಯನಿಕ. ಕೀಟಗಳನ್ನು ದೂರವಿಡಲು ಬಾರ್ಲಿಯ ಎಳೆ ಎಲೆ ತಾನೇ ಮಾಡಿಕೊಳ್ಳುವ ಕಹಿ. ಇಲಿಯ ರಕ್ತನಾಳದ ಪುಟ್ಟ ಉಂಗುರವನ್ನು ಬೆಚ್ಚಗಿನ ಲವಣದ್ರವದಲ್ಲಿ ತೂಗುಹಾಕಿ ಸೆರೊಟೋನಿನ್ ಹಾಕಿದರೆ ಅದು ಬಿಗಿಯುತ್ತದೆ. ಅದರ ಮೇಲೆ ಗ್ರಾಮಿನ್ ಹನಿಸಿದರೆ ಸಡಿಲಾಗುತ್ತದೆ. ಬಿಗಿತವನ್ನು ತೋರಿಸುವ ಪರದೆಯ ಮೇಲಿನ ಗೆರೆ, ಇಳಿತದ ನೀರು ಮರಳಿನಿಂದ ಹಿಂದೆ ಸರಿದ ಹಾಗೆ, ಸದ್ದಿಲ್ಲದೆ ಇಳಿಯುತ್ತಿತ್ತು. ನೀವು ನೋಡಿದ್ದರೆ ನೀವೂ ಊಟ ಮರೆಯುತ್ತಿದ್ದಿರಿ.

ಆ ಗುಂಗಿನಲ್ಲೇ ಒಂದು ಭಾನುವಾರ, ಕಾಪುವಿನಲ್ಲಿ ಮೀನು ಮಾರುವ ನನ್ನ ದೊಡ್ಡಮ್ಮನಿಗೆ, "ಬಾರ್ಲಿಯ ಎಳೆ ಎಲೆಯಲ್ಲಿ ಒಂದು ವಸ್ತು ಉಂಟು, ರಕ್ತನಾಳ ಸಡಿಲ ಮಾಡ್ತದೆ" ಎಂದುಬಿಟ್ಟೆ. ಇಲಿಯ ನಾಳ, ದೇಹದ ಹೊರಗೆ, ನಾವು ಅಳೆದು ಹಾಕಿದಷ್ಟು ಪ್ರಮಾಣದಲ್ಲಿ ಎಂಬುದನ್ನೆಲ್ಲ ನುಂಗಿಕೊಂಡೆ. ವಾಕ್ಯ ಚಂದ ಕಾಣಲಿ ಎಂದಿರಬೇಕು.

ತಿಂಗಳ ಬಳಿಕ ಹೋದಾಗ ಅವರ ಕಿಟಕಿಯಲ್ಲಿ ಐಸ್‌ಕ್ರೀಮ್ ಡಬ್ಬಿಗಳ ತುಂಬ ಬಾರ್ಲಿಯ ಹಸಿರು ಮೊಳಕೆ. ಪಕ್ಕದಲ್ಲಿ ಬಿ.ಪಿ. ಮಾತ್ರೆಯ ಸ್ಟ್ರಿಪ್, ಒಂದೂ ತೆಗೆದಿಲ್ಲ.

"ಮಾತ್ರೆ ಎಂತಕ್ಕೆ ಮಗಾ? ತಿಂದ್ರೆ ಕಾಲು ಊದ್ತದೆ. ಈಗ ಇದರ ರಸ ಕುಡಿಯುದು. ನೀನೇ ಹೇಳಿದ್ದಲ್ವಾ?"

"ದೊಡ್ಡಮ್ಮಾ, ಅದು ಇಲಿಗೆ!"

"ಇಲಿಗೆ ಆಗ್ತದೆ, ನನಗೆ ಆಗುದಿಲ್ವಾ? ನಾನು ಇಲಿಗಿಂತ ಕಡೆಯಾ?" ಎಂದು ನಕ್ಕರು. "ಮಾರ್ಕೆಟಿನಲ್ಲಿ ನಾಲ್ಕು ಜನ ಕುಡೀತಾರೆ ಈಗ. ನಮ್ಮ ಹುಡುಗಿಯ ಮದ್ದು ಅಂತ ನಾನೇ ಕೊಟ್ಟದ್ದು."

ಸಂಜೆ ಕ್ಲಿನಿಕ್ಕಿನಲ್ಲಿ ಅವರ ಬಿ.ಪಿ. ನೋಡಿದಾಗ ಮೇಲಿನ ಅಂಕಿ ನೂರ ತೊಂಬತ್ತು. ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ವಾಪಸು ಬರುವಾಗ ರಿಕ್ಷಾದಲ್ಲಿ ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ. ನಾಲ್ವರಲ್ಲಿ ಇಬ್ಬರು ಮಾತ್ರೆಯನ್ನೇ ಬಿಟ್ಟಿದ್ದರಂತೆ. "ಅವರಿಗೆ ನಾನು ಎಂತ ಹೇಳುದು ಇನ್ನು?" ಎಂದರು.

ಮರುದಿನ ಬೆಳಿಗ್ಗೆ ಅವರ ಜೊತೆ ಮಾರ್ಕೆಟಿಗೆ ಹೋದೆ. ತರಗತಿಯಲ್ಲಿ ಪ್ರಶ್ನೆ ಕೇಳಲೂ ಹಿಂಜರಿಯುತ್ತಿದ್ದವಳು ಬಂಗುಡೆ ಮೀನಿನ ಬುಟ್ಟಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಬ್ಬೊಬ್ಬರಿಗೂ ಹೇಳಿದೆ: ತಪ್ಪು ದೊಡ್ಡಮ್ಮನದ್ದಲ್ಲ, ನನ್ನದು, ದಯವಿಟ್ಟು ಮಾತ್ರೆ ಬಿಡಬೇಡಿ. ನಾಲ್ಕನೆಯವರು ಪೂರ್ತಿ ಕೇಳಿಸಿಕೊಂಡು, ಕತ್ತಿ ಕೆಳಗಿಟ್ಟು ಹೇಳಿದರು:

"ಗಟ್ಟಿಯಾಗಿ ಹೇಳು ಮಗಾ. ಆ ಕೊನೆಯಲ್ಲಿ ಕೂತವಳಿಗೂ ನಿನ್ನೆ ನಾನು ಆ ರಸ ಕೊಟ್ಟಿದ್ದೇನೆ."

ಎದ್ದು ನಿಂತೆ. ಇಡೀ ಮಾರ್ಕೆಟಿಗೆ ಕೇಳುವ ಹಾಗೆ ಹೇಳಿದೆ.