ಸುಣ್ಣ ಕಾಣದ ಚೌಕ

ತಳಕಲ್ ಊರಿನ ಆ ಪಡಸಾಲೆಯಲ್ಲಿ ಅಂದು ಕೂತವರು ನಾಲ್ಕೇ ಜನ: ಹುಡುಗಿಯ ತಂದೆ, ತಾಯಿ, ನನ್ನ ಸೋದರಮಾವ, ಮತ್ತು ಹುಡುಗಿ ನೋಡಲು ಹೋಗಿದ್ದ ನಾನು. ಹುಡುಗಿ ಇನ್ನೂ ಒಳಗಿದ್ದಳು. ಹೊತ್ತು ಹೋಗಲಿ ಎಂದೋ, ಗಂಡಿನ ತಲೆಯೊಳಗೆ ಏನಿದೆ ನೋಡೋಣ ಎಂದೋ, ಆಕೆಯ ತಂದೆ ಸಾರಿಸಿದ ನೆಲದ ಮೇಲೆ ಚದುರಂಗದ ಅರವತ್ನಾಲ್ಕು ಮನೆ ಗೀಚಿ, ಚೀಲದಿಂದ ಕಟ್ಟಿಗೆಯ ಕಾಯಿ ಸುರುವಿದರು.

"ಶತರಂಜ್ ಬರತೈತೇನ್ರಿ ಮಾಸ್ತರ?"

"ಬರತೈತ್ರಿ" ಅಂದೆ. ಅಷ್ಟೇನೂ ಬರುತ್ತಿರಲಿಲ್ಲ.

ಒಂದಿಷ್ಟು ನಡೆ ಆಗಿರಬೇಕು. ಮಂಡಕ್ಕಿ ಸೂಸಲಾ ತುಂಬಿದ ತಟ್ಟೆ ಹಿಡಿದು ಹುಡುಗಿ, ಶಾಂತವ್ವ, ಹೊರಗೆ ಬಂದಳು. ನನ್ನ ಕಣ್ಣು ಮೇಲೆ ಹೋದವು, ಕೈ ಮಾತ್ರ ಕೆಳಗೇ ಉಳಿದು ತನ್ನ ಪಾಡಿಗೆ ಆಡಿತು. ನೋಡುತ್ತೇನೆ, ನನ್ನ ವಜೀರ ಅವರ ಕುದುರೆಯ ಬಾಯಿಗೆ ಹೋಗಿ ನಿಂತಿದ್ದಾನೆ.

"ತಿರುಗಿ ಇಡ್ರಿ. ನಿಮ್ಮ ಧ್ಯಾಸ ಬ್ಯಾರೆ ಕಡೆ ಇತ್ತು" ಅಂದರು ಅವರು. ಸೋದರಮಾವ ಕಿಸಕ್ಕನೆ ನಕ್ಕ. ಹುಡುಗಿಯ ಎದುರಿಗೆ ಇಟ್ಟ ಕಾಯಿ ಹಿಂದಕ್ಕೆ ತೆಗೆಯುವುದೆ?

"ಇಟ್ಟದ್ದು ಇಟ್ಟಂಗ್ರಿ" ಅಂದೆ. ವಜೀರ ಹೋದ, ಆಟದ ದೊಡ್ಡ ಬಲವೇ ಹೋಯಿತು.

"ಹಂಗಾರ ಸೋತೆ ಅನ್ರಿ, ಹೊಸಾ ಆಟ ಹೂಡೂನು."

"ನಾ ಇನ್ನಾ ಸೋತಿಲ್ರಿ."

ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. "ಛಲೋ ಆತು. ಇದು ಮುಗಿಯೂತನಕ ಎರಡನೇ ಆಟಿಲ್ಲ."

ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಇದಾಗಿ ಹದಿನಾಲ್ಕು ವರ್ಷ. ಶಾಂತವ್ವ ನನ್ನ ಮನೆ ತುಂಬಿದಳು, ಒಬ್ಬ ಮಗಳು ಹುಟ್ಟಿ ಸಾಲೆಗೂ ಹೋಗುತ್ತಿದ್ದಾಳೆ. ಆ ಆಟ ಮಾತ್ರ ಇನ್ನೂ ಮುಗಿದಿಲ್ಲ, ಮತ್ತು ನಾನು ಇನ್ನೂ ಸೋತಿಲ್ಲ.

ಒಂದು ಆಟ ಇಷ್ಟು ವರ್ಷ ಹೇಗೆ ನಡೆಯುತ್ತದೆ ಎಂದು ಕೇಳುವವರು ನಮ್ಮ ಮಾವನವರ ಕಾಯಿದೆ ತಿಳಿಯದವರು. ಅಳಿಯ ಮನೆಗೆ ಬಂದಾಗಲೇ ಆಟ. ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ, ಬೇಸಿಗೆ ಸೂಟಿಯಲ್ಲೊಮ್ಮೆ. ಅತ್ತೆ ಊಟಕ್ಕೆ ಕರೆದರೆಂದರೆ ಕೈ ಎತ್ತಬೇಕು. ಆ ಸಲದ ಆಟ ಅಷ್ಟೇ. ಮಾವನವರು ಒಂದು ನಡೆಗೆ ಎರಡು ಸಲ ಎಲೆ ಹಾಕುವವರು, ನಾನು ಮೂರು ಸಲ ನಿಟ್ಟುಸಿರು ಬಿಡುವವನು. ಒಂದು ಪಂಚಮಿಯಲ್ಲಿ ನಾಲ್ಕು ನಡೆ ಆದರೆ ಅದು ಓಡುವ ಆಟ.

ನೆಲವನ್ನು ಮತ್ತೆ ಸಾರಿಸಲೇಬೇಕು, ಗೆರೆ ನಿಲ್ಲುವುದಿಲ್ಲ. ಅದಕ್ಕೇ ಎದ್ದು ಹೋಗುವ ಮುನ್ನ ಯಾವ ಕಾಯಿ ಎಲ್ಲಿದೆ ಎಂದು ಪಡಸಾಲೆಯ ಗೋಡೆಯ ಮೇಲೆ ಬರೆದಿಡುತ್ತಿದ್ದೆವು. ಅವರ ಕಾಯಿ ಇದ್ದಿಲಿನಲ್ಲಿ, ನನ್ನವು ಕೆಮ್ಮಣ್ಣಿನಲ್ಲಿ. ದೊಡ್ಡವರಿಗೆ ಒಂದೊಂದು ಅಕ್ಷರ, ಕಾಲಾಳು ಪ್ಯಾದೆಗೆ ಬರೀ ಚುಕ್ಕೆ. ದೀಪಾವಳಿಗೆ ಇಡೀ ಮನೆಗೆ ಸುಣ್ಣ ಬಳಿಯುವಾಗ ಅತ್ತೆ ಆ ಚೌಕವೊಂದನ್ನು ಬಿಟ್ಟು ಬಳಿಯುವರು, ವರ್ಷವೂ ಅದೇ ಮಾತು ಹೇಳುತ್ತ: "ಮನಿ ಬೆಳ್ಳಗಾತು, ಇಬ್ಬರ ಹಟ ಒಂದ ಕರ್ರಗ ಉಳೀತು."

ಒಮ್ಮೆ ನನ್ನ ಆನೆ ಒಂದು ಮನೆ ಮುಂದಿತ್ತು ಎಂದು ನಾನು ವಾದಿಸಿದ್ದುಂಟು. ಮಾವನವರು ಗೋಡೆಯತ್ತ ಬೆರಳು ಮಾಡಿದರು. "ಗ್ವಾಡಿ ಹೇಳಿದ್ದ ಖರೆ. ನೀವೂ ಅಲ್ಲ, ನಾನೂ ಅಲ್ಲ." ಒಪ್ಪಿಕೊಂಡೆ. ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ.

ನಮ್ಮ ಹೆಡ್‌ಮಾಸ್ತರರಿಗೆ ಇದೆಲ್ಲ ಹುಚ್ಚು. "ವಜೀರ ಇಲ್ಲದ ಆಟಾನ ಇನ್ನಾ ಏನ್ ಆಡ್ತೀರಿ, ಕೈ ಮುಗದು ಬಿಡ್ರಿ" ಎನ್ನುತ್ತಾರೆ. ಯಾಕೆ ಬಿಡಬೇಕು? ಈ ಆಟದ ದೊಡ್ಡ ಗುಟ್ಟೇ ಅವರಿಗೆ ಗೊತ್ತಿಲ್ಲ. ಆನೆ ಸಾಯುತ್ತದೆ, ಒಂಟೆ ಸಾಯುತ್ತದೆ, ಪ್ಯಾದೆಗಳಂತೂ ಲೆಕ್ಕವಿಲ್ಲದಷ್ಟು ಸಾಯುತ್ತವೆ. ಬಾದಶಹನನ್ನು ಮಾತ್ರ ಯಾರೂ ಎತ್ತಿ ಚೀಲಕ್ಕೆ ಹಾಕುವುದಿಲ್ಲ. ನಿನಗೆ ನಿಲ್ಲಲು ಮನೆಯಿಲ್ಲ ಎಂದಷ್ಟೇ ಹೇಳುತ್ತಾರೆ. ನನ್ನ ಬಾದಶಹನಿಗೆ ನಿಲ್ಲಲು ಇನ್ನೂ ಎರಡು ಮನೆ ಇವೆ. ಹಳೆಯ ಗುಡಿಗಳ ಕಟ್ಟೆಗಲ್ಲಿನ ಮೇಲೆ ಯಾರೋ ಕೊರೆದ ಆಟದ ಮನೆಗಳನ್ನು ನೀವೂ ನೋಡಿರುತ್ತೀರಿ. ಇಟಗಿಯ ಗುಡಿಗೆ ಹೋದರೂ ಜನ ಕಂಬ ನೋಡುತ್ತಾರೆ, ನಾನು ಕೂರುವ ಕಲ್ಲು ನೋಡುತ್ತ ಬಗ್ಗಿಕೊಂಡೇ ಸುತ್ತುತ್ತೇನೆ. ಮನೆ ಕೊರೆದವರುಂಟು, ಇಂಥವನು ಇಲ್ಲಿ ಸೋತ ಎಂದು ಕೊರೆದದ್ದನ್ನು ನಾನೆಲ್ಲೂ ಕಂಡಿಲ್ಲ.

ಇಷ್ಟು ಬೀಗಿದ ನನಗೆ ಹೋದ ಪಂಚಮಿಯಲ್ಲಿ ನಿಜವಾದ ಸಂಕಟ ಬಂತು. ಗೋಡೆ ನೋಡಿ ಕಾಯಿ ಇಡುತ್ತಿದ್ದೇವೆ, ಕೆಂಪು ಚುಕ್ಕೆ ಒಂದು ಹೆಚ್ಚಿಗೆ ಇದೆ. ಅದೂ ವಜೀರನ ಸಾಲಿನಲ್ಲಿ, ಕೊನೆಯ ಮನೆಗೆ ಒಂದೇ ಹೆಜ್ಜೆ ಹಿಂದೆ. ಮಾವನವರು ಕಲಿತ ಹಳೆಯ ಪದ್ಧತಿಯಲ್ಲಿ ಪ್ಯಾದೆ ಯಾವ ಸಾಲಿನ ತುದಿ ಮುಟ್ಟುತ್ತದೋ ಆ ಸಾಲಿನ ಒಡೆಯನಾಗಿ ಏಳುತ್ತದೆ. ಒಂದೇ ನಡೆ, ಹದಿನಾಲ್ಕು ವರ್ಷದ ಹಿಂದೆ ಸತ್ತ ವಜೀರ ನನಗೆ ಮರಳಿ ಬರುತ್ತಾನೆ.

ನಾನು ಹತ್ತಿರ ಹೋಗಿ ಮೂಸಿದೆ. ಕೆಮ್ಮಣ್ಣಲ್ಲ, ಕುಂಕುಮ.

ಅತ್ತೆ ಒಲೆಯ ಮುಂದಿನಿಂದಲೇ ವಿಷಯ ಬಿಡಿಸಿದರು. ನೆರೆಮನೆಯ ನಿಂಗವ್ವ ರಾತ್ರಿ ಹಗಲು ಅಳುವ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳಂತೆ. ಬೆಳ್ಳನೆಯ ಗೋಡೆಯಲ್ಲಿ ಅಷ್ಟೇ ಜಾಗಕ್ಕೆ ಸುಣ್ಣವಿಲ್ಲ, ಮೇಲೆ ಚೌಕ, ಅಕ್ಷರ, ಚುಕ್ಕೆ. ದೃಷ್ಟಿಗೆ ಬರೆಸಿದ ಯಂತ್ರವೇ ಎಂದುಕೊಂಡು ಕೈಮುಗಿದು, ಕುಂಕುಮ ಹಚ್ಚಿ ಹೋದಳಂತೆ.

"ಒರಸೂನ್ರಿ ಅದನ್ನ" ಅಂದೆ.

"ಮುಟ್ಟೀರಿ ಮತ್ತ!" ಅತ್ತೆ ಒಳಗಿನಿಂದ ಗುಡುಗಿದರು. "ಕೂಸು ಅವತ್ತಿಂದ ಅಳೂದು ಬಿಟ್ಟೈತಿ."

ಮಾವನವರು ಎಲೆಯ ಡಬ್ಬಿ ಮುಚ್ಚಿದರು. "ಅಳಿಯಾರ, ಗ್ವಾಡಿ ಹೇಳಿದ್ದ ಖರೆ ಅಂದಾಂವ ನಾನು. ಆ ಪ್ಯಾದಿ ನಿಮ್ಮದು, ನಡಸ್ರಿ."

"ಅದು ನಿಂಗವ್ವನ ಪ್ಯಾದಿ ಐತ್ರಿ, ನಂದಲ್ಲ."

"ನನ್ನ ಮಾತ ಸುಳ್ಳ ಮಾಡ್ತೀರೇನು?"

"ಮಂದಿ ಕುಂಕುಮದ ಮ್ಯಾಲೆ ನಾ ಗೆಲ್ಲಾಂವಲ್ರಿ ಮಾವಾರ."

ಹದಿನಾಲ್ಕು ವರ್ಷ ನನ್ನ ಬಾಯಿಂದ ಸೋತೆ ಎನಿಸಲು ಕಾದವರು ಈಗ ನನಗೆ ವಜೀರನನ್ನು ಕೊಡಲು ಜಗಳಕ್ಕೆ ನಿಂತಿದ್ದರು. ವಜೀರನಿಗಾಗಿ ಹದಿನಾಲ್ಕು ವರ್ಷ ಅತ್ತ ನಾನು ಬೇಡವೆಂದು ಜಗಳಕ್ಕೆ ನಿಂತಿದ್ದೆ. ಪ್ಯಾದೆ ಎಣಿಸದಿದ್ದರೆ ಅವರು ಆಡುವುದಿಲ್ಲ, ಎಣಿಸಿದರೆ ನಾನು ಆಡುವುದಿಲ್ಲ. ಊಟಕ್ಕೆ ಕರೆ ಬಂದಾಗ ಒಂದು ಕಾಯಿಯೂ ಅಲುಗಿರಲಿಲ್ಲ.

ದೀಪಾವಳಿಗೆ ಹೋದಾಗಲೂ ಅದೇ. ಮಾವನವರು ಮಳೆ ಬೆಳೆ ಕೇಳಿದರು, ಕಾಲುವೆ ನೀರು ಕೇಳಿದರು, ಕಾಯಿಯ ಚೀಲ ಬಿಚ್ಚಲಿಲ್ಲ. ಆ ಮನೆಗೆ ಅಳಿಯನಾಗಿ ಕಾಲಿಟ್ಟ ಮೇಲೆ ಮೊದಲ ಸಲ ನಮಗಿಬ್ಬರಿಗೂ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಬಸ್ಸಿನಲ್ಲಿ ಶಾಂತವ್ವ ಅಂದಳು: "ಒಬ್ಬರಾರ ಸೋಲ್ರಲಾ. ನಮ್ಮಪ್ಪ ಸರಿಯಾಗಿ ಉಣ್ಣವಲ್ಲ."

"ನಿಮ್ಮಪ್ಪಗ ಹೇಳು" ಅಂದೆ. ಹೇಳಿದೆನೇ ಹೊರತು ಆ ರಾತ್ರಿಯ ಊಟ ನನಗೂ ಸೇರಲಿಲ್ಲ. ಆಟ ಸೋಲುವುದಕ್ಕೆ ನಾನು ಯಾವತ್ತೂ ಅಂಜಿದವನಲ್ಲ. ಆಟವೇ ನಿಂತುಹೋಗಬಹುದು ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ. ಆದರೂ ಕುಂಕುಮದ ಪ್ಯಾದೆಯನ್ನು ಒಪ್ಪುತ್ತಿರಲಿಲ್ಲ. ಈಗಲೂ ಒಪ್ಪುವುದಿಲ್ಲ.

ಮೊನ್ನೆ ಸಂಕ್ರಾಂತಿಯ ಮರುದಿನ ಮಾವನವರು ಸಿದ್ದಾಪುರದ ನಮ್ಮ ಬಾಡಿಗೆ ಮನೆಗೆ ಬಂದರು. ಹೆಗಲ ಮೇಲೆ ಮೊಮ್ಮಗಳಿಗೆಂದು ತಂದ ಎಳ್ಳಿನ ಉಂಡೆಯ ಗಂಟು, ಕೈಯಲ್ಲಿ ಕಾಯಿಯ ಚೀಲ. ಕಾಲಿಗೆ ನೀರು ಹಾಕಿಕೊಂಡವರು ಕೂರಲಿಲ್ಲ. ಒಲೆಯಿಂದ ಒಂದು ತುಂಡು ಇದ್ದಿಲು, ಹಿತ್ತಲಿನಿಂದ ಒಂದು ಹಿಡಿ ಕೆಮ್ಮಣ್ಣು ತರಿಸಿಕೊಂಡು, ಮಾಲಕರು ಹೊಸದಾಗಿ ಸುಣ್ಣ ಬಳಿಸಿದ ಗೋಡೆಯ ಮೇಲೆ ಚೌಕ ಗೀಚಿ, ನೆನಪಿನಿಂದಲೇ ಒಂದೊಂದಾಗಿ ಎಲ್ಲ ಕಾಯಿ ಬರೆದರು.

"ನೋಡ್ರಿ. ಇದು ಬ್ಯಾರೆ ಗ್ವಾಡಿ" ಅಂದರು.

ನೋಡಿದೆ. ನಿಂಗವ್ವನ ಚುಕ್ಕೆ ಇರಲಿಲ್ಲ. ನನ್ನ ವಜೀರನನ್ನು ಹೊಡೆದ ಅವರ ಕುದುರೆಯೂ ಇರಲಿಲ್ಲ.

"ಮಾವಾರ, ನಿಮ್ಮ ಕುದುರಿ ಎಲ್ಲೈತ್ರಿ?"

"ಯಾವ ಕುದುರಿ? ವಯಸ್ಸಾತ್ರಿ, ನೆನಪ ಉಳಿಯೂದಿಲ್ಲ" ಎಂದು ಅವರು ಮೊಮ್ಮಗಳ ಜಡೆ ನೋಡತೊಡಗಿದರು.

ನಾನು ಅವರ ಕೈಯಿಂದ ಇದ್ದಿಲು ಇಸಿದುಕೊಂಡು ಕುದುರೆಯನ್ನು ಅದರ ಮನೆಯಲ್ಲಿ ಬರೆದೆ.