ಹೊಳೆ ದಾಟಿ ಬರುತ್ತಿದ್ದ ನೆಂಟರು

ನನ್ನ ಅತ್ತೆಯ ಮನೆಗೆ ಬೇಸಿಗೆಯಲ್ಲಿ ಬರುತ್ತಿದ್ದ ನೆಂಟರಿಗೆ ಕೊಂಬಿದ್ದವು, ಬಾಲವಿತ್ತು. ಮದುವೆಯಾದ ಹೊಸದರಲ್ಲಿ ಇದು ನನಗೆ ತಿಳಿದಿರಲಿಲ್ಲ. "ನಾಳೆ ನಮ್ಮ ತವರಿಂದ ಬತ್ತಾವ್ರೆ, ಅಂಗಳ ಸಾರ್ಸು" ಎಂದು ಅತ್ತೆ ಹೇಳಿದಾಗ, ಮಡಿಕೇರಿ ಕಚೇರಿಯ ಗುಮಾಸ್ತರ ಮಗಳಾದ ನಾನು ಲೋಟಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಒಳ್ಳೆಯ ಸೀರೆ ಉಟ್ಟು ಕಾದು ನಿಂತೆ. ಸಂಜೆಗೆ ಧೂಳೆಬ್ಬಿಸಿಕೊಂಡು ಒಂದು ದನದ ಮಂದೆ ಅಂಗಳಕ್ಕೆ ನುಗ್ಗಿತು. ಅದರ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ ಮನುಷ್ಯರು ಒಬ್ಬರೇ, ಅತ್ತೆಯ ಅಣ್ಣ. ಲೋಟ ಒಂದೇ ಸಾಕಾಯಿತು.

ಕೊಡಗು ಆಗ ಇನ್ನೂ ಬೇರೆ ರಾಜ್ಯ. ನಮ್ಮೂರು ಕುಶಾಲನಗರದ ಹತ್ತಿರ, ಕಾವೇರಿ ಹೊಳೆಯ ಈಚೆ. ಹೊಳೆಯ ಆಚೆ ಮೈಸೂರು. ಆ ಕಡೆಯಿಂದ, ಹಾಸನ ಅರಕಲಗೂಡುಗಳಿಂದ ಬಂದು ಗದ್ದೆ ಮಾಡಿಕೊಂಡವರೇ ನಮ್ಮೂರಲ್ಲಿ ಹೆಚ್ಚು. ಅವರು ಬಿಟ್ಟು ಬಂದ ಊರುಗಳಲ್ಲಿ ಶಿವರಾತ್ರಿ ಕಳೆದರೆ ದನಕ್ಕೆ ಒಂದು ಬಾಯಿ ಹುಲ್ಲು ಸಿಗುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಅಣ್ಣತಮ್ಮಂದಿರು, ಬೀಗರು ತಮ್ಮ ದನಗಳನ್ನು ಹೊಳೆ ದಾಟಿಸಿ ನಮ್ಮಲ್ಲಿ ಬಿಟ್ಟು, ಹೊಳೆ ತುಂಬುವ ಮುಂಚೆ ಬಂದು ಹೊಡೆದುಕೊಂಡು ಹೋಗುತ್ತಿದ್ದರು. "ಅಮ್ಮ, ನಿನ್ನ ಮೈಸೂರು ಪ್ರಜೆಗಳು ಬಂದ್ರು ನೋಡು" ಎಂದು ನನ್ನ ಗಂಡ ಕಿಚಾಯಿಸಿದರೆ ಅತ್ತೆ ಪೊರಕೆ ಎತ್ತುತ್ತಿದ್ದರು.

ಅವುಗಳಿಗೆ ನಡೆಯುತ್ತಿದ್ದ ಉಪಚಾರವೋ! ಕಾಲಿಗೆ ನೀರು, ಹಣೆಗೆ ಕುಂಕುಮ, ಬಾಯಿಗೆ ಅಕ್ಕಿ ಬೆಲ್ಲ. ನಾನು ಈ ಮನೆಗೆ ಕಾಲಿಟ್ಟ ದಿನ ಇದರ ಅರ್ಧದಷ್ಟೂ ಸಿಕ್ಕಿರಲಿಲ್ಲ ಎಂದು ನಾನು ಅತ್ತೆಯ ಎದುರೇ ಹೇಳಿದ್ದೇನೆ. ಅವರು ನಕ್ಕು, ಒಂದು ಕೆಂದ ಹಸುವಿನ ಕುತ್ತಿಗೆ ತಬ್ಬಿಕೊಂಡು, "ಇದು ಉಸಿರು ಬಿಟ್ರೆ ನಮ್ಮವ್ವನ ಅಡುಗೆಮನೆ ವಾಸನೆ ಬತ್ತದೆ ಕಣೆ" ಎಂದರು. ಮೂಸಿ ನೋಡಿದೆ, ನನಗೆ ಸಗಣಿಯ ವಾಸನೆಯಷ್ಟೇ ಬಂತು. ಆದರೆ ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಆ ಹೆಂಗಸಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ ಇರಬೇಕು.

ಈ ನೆಂಟರೆಲ್ಲ ಮೇಯುತ್ತಿದ್ದುದು ಮನೆಯ ಹಿಂದಿನ ಗುಡ್ಡದಲ್ಲಿ. ಅದು ಪೈಸಾರಿ, ಎಂದರೆ ಸರ್ಕಾರದ ಖಾಲಿ ಜಾಗ. ಯಾರದ್ದೂ ಅಲ್ಲದ್ದರಿಂದ ಎಲ್ಲರದ್ದೂ ಆಗಿತ್ತು. ಸೌದೆಗೆ ಅದೇ ಗುಡ್ಡ, ಕೊಟ್ಟಿಗೆಗೆ ಹಾಸುವ ಸೊಪ್ಪಿಗೂ ಅದೇ, ಮಾಡಿಗೆ ಹೊದಿಸುವ ಹುಲ್ಲಿಗೂ ಅದೇ. ಜೊತೆಗೆ ಊರಿನ ದನಗಳು. ಹಾಲಿಗಲ್ಲ, ಗದ್ದೆಯ ಗೊಬ್ಬರಕ್ಕೆಂದೇ ದನ ಕಟ್ಟುತ್ತಿದ್ದ ಕಾಲವಾದ್ದರಿಂದ ಯಾವ ಕೊಟ್ಟಿಗೆಯೂ ಖಾಲಿ ಇರಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಒರತೆ ಇತ್ತು. ಊರಿಗೆಲ್ಲ ಕುಡಿಯುವ ನೀರು ಅದರದ್ದೇ.

ಹುಲ್ಲು ಮುಗಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಒಣ ಸೀಮೆಯಿಂದ ಬಂದವರಿಗೆ ಕೊಡಗಿನ ಹಸಿರು ಕಣ್ಣು ಕಟ್ಟಿಬಿಟ್ಟಿತ್ತು. ವರ್ಷದಿಂದ ವರ್ಷಕ್ಕೆ ನೆಂಟರ ದನ ಹೆಚ್ಚಿದವು. ಬರುವ ದನಕ್ಕೆ ಹಾಸಲು ಸೊಪ್ಪು ಬೇಕೆಂದು ಮರಗಳ ಕೊಂಬೆ ಕಡಿದು ಕಡಿದು, ಅವು ಬೋಳು ಕಂಬಗಳಾಗಿ ನಿಂತವು. ಉದ್ದ ಹುಲ್ಲು ಹೋಗಿ ಗರಿಕೆ ಬಂತು. ಗರಿಕೆಯೂ ಹೋಗಿ, ದನ ಮುಟ್ಟದ ಲಂಟಾನ ಪೊದೆ ಹಬ್ಬಿತು. ಎಲ್ಲ ಕಡೆ ಗೊರಸಿನ ದಾರಿಗಳು, ಕೆಂಪು ನೆಲ. ಕೊನೆಗೆ ಬೇಸಿಗೆಯಲ್ಲಿ ಒರತೆಯ ಮುಂದೆ ಕೊಡ ಇಟ್ಟುಕೊಂಡು ನಾವು ಹೆಂಗಸರು ಚಿಪ್ಪಿನಲ್ಲಿ ನೀರು ತೋಡಿ ತುಂಬಿಸುವ ಹಾಗಾಯಿತು. ನನಗಂತೂ ಸಿಟ್ಟು ಬರುತ್ತಿತ್ತು. ಕುಂಕುಮ ಹಚ್ಚಿಸಿಕೊಂಡ ಹಸುಗಳು ಹೊಟ್ಟೆ ಬೆನ್ನಿಗಂಟಿಸಿಕೊಂಡು ನಿಂತಿರುತ್ತಿದ್ದವು.

ಊರವರು ಕೂತು ಮಾತಾಡಿದರು. ಹೊರಗಿನ ದನ ಬೇಡ ಎಂದು ಎಲ್ಲರೂ ಒಪ್ಪಿದರು. ಆದರೆ ಮೊದಲು ಹೇಳುವವರು ಯಾರು? ಪ್ರತಿ ಮನೆಯವರಿಗೂ ಪಕ್ಕದ ಮನೆಯ ನೆಂಟರ ದನ ಹೆಚ್ಚಾಗಿ ಕಂಡವೇ ಹೊರತು ತಮ್ಮವು ಕಾಣಲಿಲ್ಲ. ನಮ್ಮ ಅತ್ತೆಯದೇ ದೊಡ್ಡ ಗಂಟಲು. "ಒಡಹುಟ್ಟಿದೋನ ದನಕ್ಕೆ ಬರಬೇಡ ಅನ್ನೋ ನಾಲಗೆ ನನಗೆ ದೇವರು ಕೊಟ್ಟಿಲ್ಲ" ಎಂದು ಎದ್ದು ಬಂದರು. ಸಭೆ ಅಲ್ಲಿಗೇ ಮುಗಿಯಿತು.

ಆ ವರ್ಷದ ಮೊದಲ ದೊಡ್ಡ ಮಳೆಗೆ ಗುಡ್ಡದ ಮೈ ಕೆಳಗಿಳಿಯಿತು. ಬೆಳಿಗ್ಗೆ ಅತ್ತೆಯೂ ನಾನೂ ಕೊಡ ಹಿಡಿದು ಹೋದರೆ ಒರತೆ ಇರಬೇಕಾದಲ್ಲಿ ಕೆಂಪು ಕೆಸರು. ಅತ್ತೆ ಕೊಡ ಇಟ್ಟು, ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಮಣ್ಣು ಬಗೆದರು. ನಾನೂ ಕೂತು ಬಗೆದೆ. ತೋಡಿದಷ್ಟೂ ಮೇಲಿನಿಂದ ಮಣ್ಣು ಜಾರಿ ಬರುತ್ತಿತ್ತು. ಅತ್ತೆ ಕೈ ಚೆಲ್ಲಿ ಕೂತು ಗುಡ್ಡವನ್ನು ಬಹಳ ಹೊತ್ತು ನೋಡಿದರು.

"ನೆಂಟರಿಗೆ ಉಪಚಾರ ಮಾಡ್ತೀವಿ ಅಂತ ಊರಿನ ನೀರೇ ಬಡಿಸಿಬಿಟ್ವಲ್ಲೇ" ಎಂದರು.

ಹಠದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮೊದಲು ನಮ್ಮ ಕೊಟ್ಟಿಗೆಯ ಅರ್ಧ ದನಗಳನ್ನು ಸಂತೆಗೆ ಹೊಡೆಸಿದರು. ಹೋಗುವ ಒಂದೊಂದರ ಬೆನ್ನೂ ಸವರಿ ಅತ್ತರು, ಮಾರಲು ಹೋದ ಮಗನನ್ನು ಬೈದರು, ಆದರೂ ಕಳಿಸಿದರು. ಮುಂದಿನ ವರ್ಷ ಶಿವರಾತ್ರಿ ಕಳೆದ ಮೇಲೆ, ಅಣ್ಣ ಹೊರಟಿದ್ದಾರೆಂದು ಸುದ್ದಿ ಬಂದ ದಿನ, ನಸುಕಿಗೇ ಎದ್ದು ಬುತ್ತಿ ಕಟ್ಟಿದರು. ಅಕ್ಕಿರೊಟ್ಟಿ, ಹುರುಳಿ ಚಟ್ನಿ, ಮೊಸರನ್ನ. ಬುತ್ತಿ ನನ್ನ ಕೈಗೆ ಕೊಟ್ಟು ಹೊಳೆಯ ಕಡೆ ಹೊರಟರು. ಅಣ್ಣ ಅಂಗಳಕ್ಕೆ ಬಂದ ಮೇಲೆ ಬೇಡ ಎನ್ನಲು ತನ್ನಿಂದ ಆಗದು, ಹೊಳೆಯ ದಂಡೆಯಲ್ಲೇ ಹೇಳಿಬಿಡಬೇಕು ಎಂಬುದು ಅವರ ಲೆಕ್ಕ. ದಾರಿಯುದ್ದಕ್ಕೂ ಒಂದೇ ಮಾತು: "ಅಣ್ಣಯ್ಯ ಉಣ್ಣದೆ ಹೋದ್ರೆ ನನಗೆ ಇನ್ನು ತವರಿಲ್ಲ ಕಣೆ."

ಗುಡ್ಡದ ಗತಿ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆ ತನ್ನ ಅಣ್ಣನಿಗೇ ಬೇಡವೆಂದ ಮೇಲೆ ಊರಿನಲ್ಲಿ ಯಾರಿಗೂ ನೆಪ ಉಳಿಯಲಿಲ್ಲ. ಲಂಟಾನ ಕಿತ್ತೆವು, ಸೊಪ್ಪು ಕಡಿಯಲು ಒಂದು ವರ್ಷ ಗುಡ್ಡದ ಒಂದು ಬದಿ, ಮರುವರ್ಷ ಇನ್ನೊಂದು ಬದಿ ಎಂದು ಮಾಡಿಕೊಂಡೆವು. ಹುಲ್ಲು ನಿಧಾನವಾಗಿ, ಆಮೇಲೆ ನೀರು ಇನ್ನೂ ನಿಧಾನವಾಗಿ ಬಂತು. ಮೊದಲಿನಷ್ಟು ಬರಲೇ ಇಲ್ಲ. ಅದೆಲ್ಲ ಆಮೇಲಿನ ಮಾತು. ಅವತ್ತು ದಂಡೆಯ ಮೇಲೆ ನಮಗೆ ಗೊತ್ತಿದ್ದುದು ಬುತ್ತಿಯ ಭಾರ ಮಾತ್ರ.

ದನಗಳು ಮೊಣಕಾಲುದ್ದ ನೀರಿನಲ್ಲಿ ದಾಟಿ ಬಂದವು. ಅತ್ತೆ ಅಲ್ಲೇ ಅವಕ್ಕೆ ಕುಂಕುಮ ಹಚ್ಚಿದರು, ಬೆಲ್ಲ ತಿನ್ನಿಸಿದರು. ಅಣ್ಣ ಅಚ್ಚರಿಯಿಂದ, "ಏನವ್ವ, ಇಷ್ಟು ದೂರ ಬಂದ್ಬಿಟ್ಟಿದ್ದೀಯ?" ಎಂದರು.

"ಅಣ್ಣಯ್ಯ, ಈ ಸಲ ಇವನ್ನ ಇಲ್ಲಿಂದ್ಲೇ ತಿರುಗಿಸ್ಕೊಂಡು ಹೋಗು. ಗುಡ್ಡದಲ್ಲಿ ಏನೂ ಉಳಿದಿಲ್ಲ. ನಮ್ಮ ಮೆದೆಯಿಂದ ಎರಡು ಗಾಡಿ ಒಣಹುಲ್ಲು ನಾಳೆ ಕಳಿಸ್ತೀನಿ."

"ಎರಡು ಗಾಡಿ ಎಷ್ಟು ದಿನಕ್ಕವ್ವ? ಅಲ್ಲಿ ಕಟ್ಟಿಹಾಕಿ ಸಾಯಿಸ್ಲಾ?"

"ಅರ್ಧ ಮಾರು. ನಾನೂ ಮಾರಿದೆ." ಅತ್ತೆ ದಾರಿಗೆ ಅಡ್ಡ ನಿಂತಲ್ಲಿಂದ ಕದಲಲಿಲ್ಲ.

ಅಣ್ಣ ಕೋಲು ಎತ್ತಿ ಹೋ ಹೋ ಎಂದು ಮಂದೆಯನ್ನು ತಿರುಗಿಸಿ ನೀರಿಗಿಳಿಸಿದರು. ಕೆಂದ ಹಸು ಮಾತ್ರ ನಿಂತು ಅತ್ತೆಯ ಕಡೆ ನೋಡಿತು. ಅದಕ್ಕೂ ಒಂದು ಏಟು ಬಿತ್ತು. ಅತ್ತೆ ಮರಳಿನ ಮೇಲೆ ಕುಸಿದು ಕೂತರು. ಬುತ್ತಿ ನನ್ನ ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ ಅವರ ಬೆನ್ನು ಸವರಿದೆ.

ಆಚೆ ದಡದಲ್ಲಿ ದನಗಳು ನೆರಳಿಗೆ ಸೇರಿದವು. ಅಣ್ಣ ಅವನ್ನು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಒಬ್ಬರೇ ಹೊಳೆ ದಾಟಿ ವಾಪಸ್ ಬಂದರು. ಅತ್ತೆಯ ಎದುರು ಕೂತು ಕಂಬಳಿ ಕೆಳಗಿಟ್ಟರು. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

"ದನಕ್ಕೆ ಹುಲ್ಲಿಲ್ಲ ಅಂದೆ, ಸರಿ. ನನಗೂ ಅನ್ನ ಇಲ್ಲ ಅಂದೆಯಾ? ಬಿಚ್ಚು ಬುತ್ತಿ."