ಎರಡು ಬಲತೋಳು

ಬೀದಿಯವರೆಲ್ಲ ಅವಳನ್ನು ಕರೆಯುವುದು ಗೌನಕ್ಕ ಎಂದು. ಮೂವತ್ತು ವರ್ಷದಲ್ಲಿ ಅವಳು ಹೊಲಿದ ಗೌನು ತೊಟ್ಟು ಎಷ್ಟು ಮದುವಣಗಿತ್ತಿಯರು ಚರ್ಚಿನ ಮೆಟ್ಟಿಲು ಹತ್ತಿದ್ದಾರೋ ಅವಳಿಗೇ ನೆನಪಿಲ್ಲ. ಕತ್ತರಿ ಹಾಕುವ ಮೊದಲು ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಿಂದ ಸಣ್ಣ ಶಿಲುಬೆ ಎಳೆಯುವುದು ತಾಯಿ ಕಲಿಸಿದ ಪದ್ಧತಿ. ಕೈಯಷ್ಟೇ ಚುರುಕು ನಾಲಿಗೆಯೂ. ಎದುರು ಸಾಲಿನಲ್ಲಿ ಕೋಟಿನ ದರ್ಜಿಯೊಬ್ಬ ಅಂಗಡಿ ತೆರೆದಾಗ, ಅವನದು ಗೋಣಿಚೀಲ ಹೊಲಿಯುವ ಕೈ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದಳು. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಆ ಸಲ ಮದುವೆಯ ಸೀಸನ್ ಉಸಿರಾಡಲೂ ಬಿಡಲಿಲ್ಲ. ಶನಿವಾರ ಮದುವೆ, ಗುರುವಾರ ಮಧ್ಯಾಹ್ನ ಕೊನೆಯ ಗೌನಿಗೆ ತೋಳು ಕತ್ತರಿಸುತ್ತಿದ್ದಳು. ಅದು ಮದುಮಗಳ ತೀರಿಹೋದ ತಾಯಿ ಮಗಳಿಗೆಂದೇ ತೆಗೆದಿಟ್ಟಿದ್ದ ಬಿಳಿ ಸ್ಯಾಟಿನ್. ಅಂಥದ್ದು ಇನ್ನು ಎಲ್ಲೂ ಸಿಗುವಂತಿಲ್ಲ. ಬಟ್ಟೆ ಮಡಚಿ ಕತ್ತರಿಸಿದರೆ ಎಡಬಲ ಜೋಡಿಯಾಗಿ ಬರುತ್ತವೆ. ಬಟ್ಟೆ ಉಳಿಸಲು ಹೋಗಿ ಒಂದೊಂದಾಗಿ ಕತ್ತರಿಸಿದಳು. ಎತ್ತಿ ನೋಡಿದರೆ ಎರಡೂ ಬಲತೋಳು. ಹೊಳಪು ಒಂದೇ ಮೈಗೆ ಇದ್ದುದರಿಂದ ತಿರುವಿ ಹಾಕುವಂತೆಯೂ ಇಲ್ಲ. ಗೌನಕ್ಕ ಕತ್ತರಿ ಕೆಳಗಿಟ್ಟಳು. ಮಷಿನ್ ತುಳಿಯುವುದನ್ನೂ ಬಿಟ್ಟು ಎರಡನ್ನೂ ಮತ್ತೆ ಮತ್ತೆ ಜೋಡಿಸಿ ನೋಡತೊಡಗಿದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕೋಟಿನ ದರ್ಜಿ ನಿಂತಿದ್ದ. ಸೀಸನ್ನಿನಲ್ಲಿ ಅರ್ಧ ಗಂಟೆ ಮಷಿನ್ ಸದ್ದಿಲ್ಲವೆಂದರೆ ಏನೋ ಆಗಿರಬೇಕು, ಅದಕ್ಕೇ ಬಂದೆ ಎಂದ. ಅವಳು ಎರಡೂ ತೋಳುಗಳನ್ನು ತೋರಿಸಿದಳು. ಅವನ ಕಣ್ಣು ಮೇಜಿನ ಮೇಲಿದ್ದ ಗೌನಿನ ಒಳಮೈಯ ಶಿಲುಬೆಯ ಮೇಲೆ ಬಿತ್ತು. ತಾನೂ ಹೀಗೇ ಹಾಕುತ್ತೇನೆ, ಅಪ್ಪ ಕಲಿಸಿದ್ದು ಎಂದ. ಅವನೂ ಕ್ರೈಸ್ತನೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಕೇಳಿದ್ದರಲ್ಲವೇ ಗೊತ್ತಾಗುವುದು?

"ತೋಳಿಗೆ ಹಾಕೋದು ಮರೆತೆ. ಅದಕ್ಕೇ ಹೀಗಾಯ್ತು," ಅಂದಳು ಗೌನಕ್ಕ.

"ನಾನು ಶಿಲುಬೆ ಹಾಕಿನೇ ಒಂದು ಪ್ಯಾಂಟಿಗೆ ಎರಡೂ ಎಡಗಾಲು ಕತ್ತರಿಸಿದೀನಿ ಅಕ್ಕ. ತಪ್ಪೇ ಆಗಬಾರದು ಅಂತಲ್ಲ ಅದನ್ನ ಹಾಕೋದು. ತಪ್ಪಾದ್ರೂ ದೇವರು ಕೈಬಿಡಲ್ಲ ಅಂತ."

ಬಲತೋಳನ್ನೇ ಎಡಗಡೆ ಇಟ್ಟರೆ ಹಿಂಬದಿಯಲ್ಲಿ, ಕಂಕುಳ ಹತ್ತಿರ, ಎರಡು ಬೆರಳಗಲ ಬಟ್ಟೆ ಕಡಿಮೆ ಬೀಳುತ್ತದೆ. ಗೌನಿನ ಕೆಳಗಿನ ಮಡಿಕೆ ಬಿಚ್ಚಿದರೆ ಅಷ್ಟು ತುಂಡು ಸಿಗುತ್ತದೆಂದು ಅವನು ತೋರಿಸಿದ. ಇಬ್ಬರೂ ತಲೆಬಾಗಿ ಪ್ರಾರ್ಥಿಸಿದರು. ಆಮೇಲೆ ಅವನು ತನ್ನ ಅಂಗಡಿಗೆ ಬೀಗ ಜಡಿದು ಬಂದು, ಕತ್ತಲಾಗುವವರೆಗೆ ಕೂತು ಆ ತುಂಡನ್ನು ಕೈಹೊಲಿಗೆಯಲ್ಲೇ ಸೇರಿಸಿದ. ಅವನ ಮೇಜಿನ ಮೇಲೆ ಆರು ಕೋಟು ಕಾಯುತ್ತಿದ್ದವು.

ಮರುದಿನ ಗೌನಕ್ಕ ನಡೆದದ್ದನ್ನು ಮದುಮಗಳಿಗೆ ಮುಚ್ಚಿಡದೆ ಹೇಳಿದಳು. ಅಮ್ಮನ ಬಟ್ಟೆಯಲ್ಲಿ ಒಂದು ಚೂರೂ ಹಾಳಾಗಲಿಲ್ಲವಲ್ಲ ಎಂದು ಹುಡುಗಿ ಸಮಾಧಾನಪಟ್ಟಳು.

ಶನಿವಾರ ಚರ್ಚಿನಲ್ಲಿ ಗೌನಕ್ಕ ದರ್ಜಿಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮದುಮಗಳು ತೋಳೆತ್ತಿ ಅಪ್ಪನನ್ನು ತಬ್ಬಿಕೊಂಡಾಗ ಇಬ್ಬರೂ ಅವಳ ಕಂಕುಳನ್ನೇ ನೋಡಿದರು. ಹೊಲಿಗೆ ಗುರುತಿಗೂ ಸಿಗಲಿಲ್ಲ.

ಅವನು ಗೌನಕ್ಕನ ಕಿವಿಯ ಬಳಿ ಬಗ್ಗಿದ. "ಗೋಣಿಚೀಲದ ಕೈ ಪರವಾಗಿಲ್ವಾ ಅಕ್ಕ?"

ಗೌನಕ್ಕನ ಕಣ್ಣು ತುಂಬಿತು. ತಾನು ಆಡಿದ್ದೆಲ್ಲ ಗೊತ್ತಿದ್ದೂ ಅವನು ಆ ದಿನ ರಸ್ತೆ ದಾಟಿ ಬಂದಿದ್ದ.